ದುಃಖಕ್ಕೆ ಗಡುವು ಹಾಕುವವರು ಯಾರು?

ಮಂಡ್ಯ ಸೀಮೆಯಲ್ಲಿ ಸಾವಾದ ಮನೆಗೆ ಒಂದು ಲೆಕ್ಕ ಇರುತ್ತದೆ. ಮೂರನೇ ದಿನ ಹಾಲುತುಪ್ಪ, ಹನ್ನೊಂದನೇ ದಿನ ತಿಥಿ, ವರ್ಷ ತುಂಬಿದಾಗ ಇನ್ನೊಂದು ಕಾರ್ಯ, ಆಮೇಲೆ ಪ್ರತಿ ಪಿತೃಪಕ್ಷಕ್ಕೆ ಎಡೆ. 2022ರ ಮಾರ್ಚ್‌ನಲ್ಲಿ ಅಮೆರಿಕದ ಮನೋವೈದ್ಯರ ಸಂಘವೂ ಸಾವಿನ ದುಃಖಕ್ಕೆ ಲೆಕ್ಕ ಹಾಕಿತು. ತನ್ನ ರೋಗನಿರ್ಣಯ ಕೈಪಿಡಿಯಾದ ಡಿಎಸ್‌ಎಂನ ಪರಿಷ್ಕೃತ ಮುದ್ರಣದಲ್ಲಿ ‘ದೀರ್ಘಕಾಲದ ಶೋಕ’ವನ್ನು ಕಾಯಿಲೆಯಾಗಿ ಸೇರಿಸಿತು. ಹತ್ತಿರದವರು ತೀರಿಕೊಂಡು 12 ತಿಂಗಳಾದ ಮೇಲೂ ದಿನವಿಡೀ ಅದೇ ಹಂಬಲ, ಅದೇ ಸಂಕಟ ಕಾಡುತ್ತ ಬದುಕು ಸಾಗದಿದ್ದರೆ ಅದು ಚಿಕಿತ್ಸೆ ಬೇಕಾದ ಸ್ಥಿತಿ. ಮಕ್ಕಳಿಗಾದರೆ 6 ತಿಂಗಳು. ಅದೇ ವರ್ಷದ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11 ಎಲ್ಲರಿಗೂ 6 ತಿಂಗಳ ಗೆರೆ ಎಳೆದಿದೆ. ಆಯಾ ಸಮಾಜದ ರೂಢಿಯನ್ನು ಮೀರಿರಬೇಕು ಎಂಬ ಷರತ್ತು ಎರಡರಲ್ಲೂ ಇದೆ.

ಈ ಗೆರೆ ಮೊದಲಿನಿಂದ ಇದ್ದದ್ದಲ್ಲ. ಡಿಎಸ್‌ಎಂನ 1980ರ ಮೂರನೇ ಆವೃತ್ತಿ, ಇತ್ತೀಚೆಗೆ ಮನೆಯವರನ್ನು ಕಳೆದುಕೊಂಡವರಿಗೆ ಖಿನ್ನತೆಯ ಹಣೆಪಟ್ಟಿ ಹಚ್ಚಬೇಡಿ ಎಂದಿತ್ತು. 1994ರ ನಾಲ್ಕನೇ ಆವೃತ್ತಿ ಆ ವಿನಾಯಿತಿಯನ್ನು ಎರಡು ತಿಂಗಳಿಗೆ ಕಟ್ಟಿಹಾಕಿತು. 2013ರ ಐದನೆಯದು ವಿನಾಯಿತಿಯನ್ನೇ ಕಿತ್ತುಹಾಕಿತು. ನಾಲ್ಕನೇ ಆವೃತ್ತಿಯ ಸಮಿತಿಗೆ ಅಧ್ಯಕ್ಷರಾಗಿದ್ದ ಅಲೆನ್ ಫ್ರಾನ್ಸಿಸ್ ಅವರೇ ಇದನ್ನು ಬಹಿರಂಗವಾಗಿ ವಿರೋಧಿಸಿದರು. ಯಾವ ರಕ್ತಪರೀಕ್ಷೆಯೂ ಈ ಅಂಕಿಗಳನ್ನು ಹೇಳಿಕೊಟ್ಟಿಲ್ಲ. ಸಮಿತಿಗಳು ಕೂತು, ಅಧ್ಯಯನಗಳನ್ನು ತೂಗಿ, ವಾದ ಮಾಡಿ ಇಟ್ಟ ಗಡುವುಗಳಿವು. ಹಾಗೆಂದು ಇದರಲ್ಲಿ ಮೋಸವೇನೂ ಇಲ್ಲ. ರಕ್ತದೊತ್ತಡಕ್ಕೂ ಗೆರೆ ಎಳೆಯುವವರು ಮನುಷ್ಯರೇ.

ನನಗೆ ಮುಖ್ಯವಾಗಿ ಕಾಣುವುದು ಬೇರೆ ವಿಷಯ. ಗಡುವು ಮುಗಿದಾಗ ಕೆಲಸ ಬೀಳುವುದು ಯಾರ ತಲೆಯ ಮೇಲೆ? ಊರಿನ ಗಡುವು ಬೀಳುವುದು ನೆಂಟರಿಷ್ಟರ ಮೇಲೆ. ಒಲೆ ಹಚ್ಚದ ಮನೆಗೆ ಅನ್ನಸಾರು ಹೊತ್ತು ತರಬೇಕು. ಹೆಂಗಸರು ಬಂದು ತಬ್ಬಿಕೊಂಡು, ಸತ್ತವರ ಗುಣ ಎತ್ತಿ ಹಾಡಿಕೊಂಡು ಅಳಬೇಕು. ಹನ್ನೊಂದರ ಊಟ ಮುಗಿದ ಮೇಲೆ ಮನೆಯವರನ್ನು ಮತ್ತೆ ಗದ್ದೆಗೆ, ಡೈರಿಗೆ, ಸಂತೆಗೆ ಎಳೆದುಕೊಂಡು ಬರುವುದೂ ಅವರದೇ ಕೆಲಸ. ಆಸ್ಪತ್ರೆಯ ಗಡುವು ಬೀಳುವುದು ಅಳುವವರ ಮೇಲೆಯೇ. ಅವರು ಬರಬೇಕು, ಹೇಳಿಕೊಳ್ಳಬೇಕು, ಮಾತ್ರೆ ನುಂಗಬೇಕು, ಸರಿಹೋಗಬೇಕು. ಊರಿನ ಪದ್ಧತಿಯನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಅದೇ ಕಾರ್ಯದ ಹೆಸರಿನಲ್ಲಿ ಗಂಡ ಸತ್ತವಳ ಬಳೆ ಒಡೆದದ್ದೂ, ತಿಥಿ ಊಟಕ್ಕೆ ಬಡ್ಡಿಸಾಲ ತರಿಸಿದ್ದೂ ಇದೇ ಊರು.

ಮನಸ್ಸಿನ ಬೇಗೆಗೆ ಕಾಯಿಲೆಯ ಹೆಸರಿಡುವ ಕೆಲಸ ಹಳೆಯದು. 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಬರೆದ ಪ್ರಬಂಧದಲ್ಲಿ ಊರಿನ ಹಂಬಲವನ್ನು ರೋಗವೆಂದು ವರ್ಣಿಸಿ ಅದಕ್ಕೆ ನಾಸ್ಟಾಲ್ಜಿಯಾ ಎಂದು ಹೆಸರಿಟ್ಟ. ಮನೆ ಬಿಟ್ಟು ಹೋದ ಹುಡುಗರು ಊಟ ನಿದ್ದೆ ಇಲ್ಲದೆ ಸೊರಗುತ್ತಾರೆ, ಜ್ವರ ಬರುತ್ತದೆ, ಎದೆ ಬಡಿದುಕೊಳ್ಳುತ್ತದೆ. ಅವನು ಸೂಚಿಸಿದ ದೊಡ್ಡ ಮದ್ದು, ಊರಿಗೆ ವಾಪಸು ಕಳಿಸುವುದು. ಪರದೇಶದ ಸೈನ್ಯಗಳಲ್ಲಿ ಕೂಲಿಗೆ ಕಾದಾಡುತ್ತಿದ್ದ ಸ್ವಿಸ್ ಸೈನಿಕರ ರೋಗವೆಂದೇ ಇದು ಹೆಸರಾಯಿತು. ಅಮೆರಿಕದ ಅಂತರ್ಯುದ್ಧದ ಕಾಲದವರೆಗೂ ಸೇನಾ ವೈದ್ಯರು ಇದನ್ನು ಕಡತದಲ್ಲಿ ಬರೆದರು. ಈಗ ಅದು ಕಾಯಿಲೆಯ ಪಟ್ಟಿಯಿಂದ ಇಳಿದು, ರಾಜ್‌ಕುಮಾರ್ ಹಾಡು ಕೇಳುವವರ ಸಂಜೆಯ ಸುಖವಾಗಿದೆ.

1851ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ ಇನ್ನೊಂದು ಹೆಸರು ಕಂಡುಹಿಡಿದ: ಡ್ರೇಪಟೋಮೇನಿಯಾ. ಗುಲಾಮರು ಒಡೆಯರನ್ನು ಬಿಟ್ಟು ಓಡಿಹೋಗುವುದು ಒಂದು ಮನೋರೋಗ ಎಂಬುದು ಅವನ ವಾದ. ಅದಕ್ಕೆ ಹೇಳಿದ ಉಪಾಯಗಳಲ್ಲಿ ಚಾಟಿಯೇಟೂ ಇತ್ತು. ಹೋಫರ್ ಮತ್ತು ಕಾರ್ಟ್‌ರೈಟ್ ಇಬ್ಬರೂ ಮಾಡಿದ್ದು ಒಂದೇ ಕೆಲಸ, ಮನುಷ್ಯನ ಒಂದು ತುಡಿತವನ್ನು ರೋಗವೆಂದು ಕರೆದದ್ದು. ಆದರೆ ಹೋಫರನ ಹೆಸರು ಸೈನಿಕನಿಗೆ ಊರಿನ ದಾರಿ ತೋರಿಸಬಲ್ಲದಾಗಿತ್ತು, ಕಾರ್ಟ್‌ರೈಟನ ಹೆಸರು ಒಡೆಯನ ಕೈಗೆ ಚಾಟಿ ಕೊಟ್ಟಿತು. ಹಾಗಾಗಿ ‘ಇದು ನಿಜವಾದ ಕಾಯಿಲೆಯೋ ಅಲ್ಲವೋ’ ಎಂಬ ಜಗಳಕ್ಕಿಂತ, ಕಾಯಿಲೆ ಎಂದು ಕರೆದ ಮೇಲೆ ಯಾರಿಗೆ ಯಾವ ಹೊಣೆ ಬಂತು, ಯಾರು ಹೊಣೆಯಿಂದ ಜಾರಿಕೊಂಡರು ಎಂದು ಕೇಳುವುದು ಹೆಚ್ಚು ಉಪಯೋಗದ ಕೆಲಸ.

ನಮ್ಮ ವೈದ್ಯವೂ ಈ ವಿಷಯದಲ್ಲಿ ಸುಮ್ಮನಿರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಏಳನೇ ಅಧ್ಯಾಯದಲ್ಲಿ ತಡೆಯಬಾರದ 13 ವೇಗಗಳ ಪಟ್ಟಿ ಇದೆ. ಮಲ, ಮೂತ್ರ, ಸೀನು, ತೇಗು, ಆಕಳಿಕೆ, ಹಸಿವು, ಬಾಯಾರಿಕೆ, ನಿದ್ದೆ ಇವುಗಳ ಸಾಲಿನಲ್ಲೇ ಕಣ್ಣೀರೂ ಕೂತಿದೆ. ಕಣ್ಣೀರು ತಡೆದರೆ ನೆಗಡಿ, ಕಣ್ಣಿನ ತೊಂದರೆ, ಹೃದಯದ ತೊಂದರೆ, ಅರುಚಿ, ತಲೆಸುತ್ತು. ಇದಕ್ಕೆ ಮದ್ದು ನಿದ್ದೆ, ಮದ್ಯ, ಹಿತವಾದ ಮಾತುಕತೆ. (ನಮ್ಮ ಕಡೆಯ ಗಂಡಸರು ಮೂರರಲ್ಲಿ ನಡುವಿನದನ್ನು ಮಾತ್ರ ನೆನಪಿಟ್ಟುಕೊಂಡಂತಿದೆ.) ಅದೇ ಅಧ್ಯಾಯ ಮುಂದೆ ಹೋಗಿ ಲೋಭ, ಶೋಕ, ಭಯ, ಕ್ರೋಧ ಮುಂತಾದ ಮನಸ್ಸಿನ ವೇಗಗಳನ್ನು ತಡೆಯಲೇಬೇಕು ಎನ್ನುತ್ತದೆ. ಕಣ್ಣೀರು ಹರಿಯಲಿ, ಶೋಕಕ್ಕೆ ಮಾತ್ರ ಕಡಿವಾಣ ಬೀಳಲಿ. ಆ ಕಡಿವಾಣ ಹಾಕಿಕೊಳ್ಳಬೇಕಾದವನು ಮತ್ತೆ ನೊಂದವನೇ. ಪಶ್ಚಿಮದವರು ಬಂದು ನಮ್ಮ ಭಾವನೆಗಳನ್ನು ರೋಗ ಮಾಡಿಬಿಟ್ಟರು ಎಂದು ದೂರುವವರು ಈ ಅಧ್ಯಾಯವನ್ನು ಒಮ್ಮೆ ಓದಬೇಕು.

ಆಧುನಿಕ ಮನೋವಿಜ್ಞಾನವೂ ಮೈಸೂರಿಗೆ ತಡವಾಗಿ ಬಂದದ್ದಲ್ಲ. ಬೆಂಗಳೂರಿನಲ್ಲಿ 1847ರಲ್ಲಿ ಶುರುವಾದ ಹುಚ್ಚಾಸ್ಪತ್ರೆಗೆ 1925ರಲ್ಲಿ ಮೈಸೂರು ಸರ್ಕಾರ ಮಾನಸಿಕ ಆಸ್ಪತ್ರೆ ಎಂದು ಮರುನಾಮಕರಣ ಮಾಡಿತು. 1974ರಲ್ಲಿ ಅದೇ ನಿಮ್ಹಾನ್ಸ್‌ನ ಒಂದು ಭಾಗವಾಯಿತು. ಮಹಾರಾಜ ಕಾಲೇಜಿನಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಆರಂಭವಾಗಿತ್ತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಮನೋವಿಜ್ಞಾನಿ ಸ್ಪಿಯರ್‌ಮನ್ ಬಳಿ ಓದಿ ಬಂದವರು. 1935ರಲ್ಲಿ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಎಂಬ ರೇಡಿಯೊ ಕೇಂದ್ರ ನಡೆಸಿದವರೂ ಅವರೇ. ಮೈಸೂರಿನವರು ಹೆಚ್ಚಾಗಿ ನೆನೆಯುವುದು ಈ ಎರಡನೆಯದನ್ನು.

ಈಗ ಹಳ್ಳಿಯ ಕಡೆ ಬರೋಣ. ರಾಜ್ಯದಲ್ಲಿ 2014ರಿಂದ ಮನೋಚೈತನ್ಯ ಎಂಬ ಕಾರ್ಯಕ್ರಮ ಇದೆ. ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ಕೂರುತ್ತಾರೆ. ಮಂಡ್ಯ ಜಿಲ್ಲೆಯ ಅಂಥ ಒಂದು ಕೋಣೆಯಲ್ಲಿ ಕಂಡದ್ದು: ನಲವತ್ತೈದರ ಆಸುಪಾಸಿನ ಹೆಂಗಸು, ಜೊತೆಗೆ ತಮ್ಮ. ಕೈಯಲ್ಲೊಂದು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು. ಅದರೊಳಗೆ ಇಸಿಜಿ, ಥೈರಾಯ್ಡ್ ರಿಪೋರ್ಟು, ಎಂಡೋಸ್ಕೋಪಿ ಚೀಟಿ, ಅರ್ಧ ಖಾಲಿಯಾದ ಗ್ಯಾಸ್ಟ್ರಿಕ್ ಮಾತ್ರೆ, ಬಿ-ಕಾಂಪ್ಲೆಕ್ಸ್. ಎಲ್ಲವೂ ನಾರ್ಮಲ್.

“ಅದೇನೋ ಗೊತ್ತಿಲ್ಲ ಸಾ, ಎದೆ ಒಳಗೆ ಉರಿ. ಕೈಕಾಲು ಸೋತೋಯ್ತವೆ. ರಾತ್ರಿ ಎರಡು ಗಂಟೆಗೆ ಎಚ್ಚರಾದ್ರೆ ಮುಗೀತು.”

“ಮನಸ್ಸಿಗೆ ಬೇಜಾರಾಗುತ್ತಾ ಅಮ್ಮ?”

“ಬೇಜಾರು ಯಾರಿಗಿಲ್ಲ ಬುಡಿ.”

“ಅಳು ಬರುತ್ತಾ?”

ಆಕೆ ತಮ್ಮನ ಮುಖ ನೋಡಿದಳು. ತಮ್ಮ ಕಿಟಕಿಯ ಕಡೆ ನೋಡಿದ. ಅವನನ್ನು ಹೊರಗೆ ಕಳಿಸಿದ ಮೇಲೆ ಒಂದೊಂದಾಗಿ ಬಂತು: ಮಗಳ ಮದುವೆಯ ಸಾಲ, ವಾರ ವಾರ ಕಟ್ಟಬೇಕಾದ ಸಂಘದ ದುಡ್ಡು, ಕಬ್ಬಿನ ಬಿಲ್ಲು ಬಂದಿಲ್ಲ ಎಂದು ಗಂಡ ಕುಡಿದು ಬಂದು ಕೂಗಾಡುವುದು. ವೈದ್ಯರು ಕೇಳಿಸಿಕೊಂಡರು, ಸಮಾಧಾನ ಹೇಳಿದರು. ಚೀಟಿಯಲ್ಲಿ ಬರೆದದ್ದು ಖಿನ್ನತೆ, ಅದಕ್ಕೆ ಎಸಿಟಲೋಪ್ರಾಂ ಮಾತ್ರೆ, ಮುಂದಿನ ತಿಂಗಳು ಬನ್ನಿ. ಹೊರಗೆ ಸಾಲು ಕಾಯುತ್ತಿತ್ತು. ಇದಕ್ಕಿಂತ ಹೆಚ್ಚು ಆ ಕೋಣೆಯಲ್ಲಿ ಆಗುವಂತಿರಲಿಲ್ಲ.

ಮನಸ್ಸಿನ ನೋವನ್ನು ಎದೆಯುರಿಯಾಗಿ ಹೇಳುವುದನ್ನು ಅಜ್ಞಾನವೆಂದು ತಿಳಿಯುವವರಿದ್ದಾರೆ. ನಿಮ್ಹಾನ್ಸ್‌ನ ರಘುರಾಮ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ಕಥೆ ಹೇಳುತ್ತದೆ. ಅಲ್ಲಿಗೆ ಬಂದ ರೋಗಿಗಳಲ್ಲಿ ಖಿನ್ನತೆಯ ಲಕ್ಷಣ ಹೆಚ್ಚಿದ್ದಷ್ಟೂ ಕಳಂಕದ ಭಯ ಹೆಚ್ಚು. ಮೈಕೈ ನೋವಿನಂಥ ದೇಹದ ಲಕ್ಷಣ ಹೆಚ್ಚಿದ್ದಷ್ಟೂ ಆ ಭಯ ಕಡಿಮೆ. ಎದೆಯುರಿ ಇದೆ ಎಂದರೆ ಮಗಳಿಗೆ ಗಂಡು ಸಿಗುವುದಕ್ಕೆ ಅಡ್ಡಿಯಿಲ್ಲ. ತಲೆ ಸರಿಯಿಲ್ಲ ಎಂಬ ಮಾತು ಬಂದರೆ ಇದೆ. ಪ್ಲಾಸ್ಟಿಕ್ ಕವರಿನ ಆ ರಿಪೋರ್ಟುಗಳಿಗೆ ಸುರಿದ ದುಡ್ಡು ಒಂದು ಲೆಕ್ಕದಲ್ಲಿ ಮಾನ ಕಾಪಾಡಿಕೊಳ್ಳಲು ಕೊಟ್ಟ ಬೆಲೆ.

ಖಿನ್ನತೆ ಅಳೆಯಲು ಜಗತ್ತಿನಾದ್ಯಂತ ಬಳಸುವ ಪ್ರಶ್ನಾವಳಿ ಪಿಎಚ್‌ಕ್ಯು-9. ಒಂಬತ್ತು ಪ್ರಶ್ನೆ, ಒಂದೊಂದಕ್ಕೆ ಸೊನ್ನೆಯಿಂದ ಮೂರು ಅಂಕ, ಒಟ್ಟು 27. ಹತ್ತು ಮುಟ್ಟಿದರೆ ಗಮನ ಕೊಡಬೇಕು. ಕಳೆದ ಎರಡು ವಾರಗಳಲ್ಲಿ ನಿದ್ದೆ ಹೇಗಿತ್ತು, ಊಟ ಹೇಗಿತ್ತು, ಯಾವುದರಲ್ಲಾದರೂ ಆಸಕ್ತಿ ಇತ್ತೇ, ಬದುಕೇ ಬೇಡ ಅನ್ನಿಸಿತೇ ಎಂದು ಕೇಳುತ್ತದೆ. ಇದನ್ನು ರೂಪಿಸಲು ನೆರವು ಕೊಟ್ಟ ಫೈಜರ್ ಕಂಪನಿ ಖಿನ್ನತೆಯ ಮಾತ್ರೆಯನ್ನೂ ಮಾರುತ್ತಿತ್ತು. ಹಾಗೆಂದು ಪ್ರಶ್ನಾವಳಿಯನ್ನು ತಳ್ಳಿಹಾಕಲಾರೆ. ನಾಲಿಗೆ ತುದಿಗೆ ಬಾರದ ಮಾತನ್ನು ಹೇಳಿಸುವ ಶಕ್ತಿ ಅದರ ಒಂಬತ್ತನೇ ಪ್ರಶ್ನೆಗಿದೆ. ಕೊರತೆ ಇರುವುದು ಅದು ಕೇಳದ ಪ್ರಶ್ನೆಯಲ್ಲಿ. ಯಾಕೆ ಎಂದು ಅದು ಎಲ್ಲಿಯೂ ಕೇಳುವುದಿಲ್ಲ. 1980ರ ಡಿಎಸ್‌ಎಂ ಬೇಕೆಂದೇ ಕಾರಣಗಳನ್ನು ಬದಿಗಿಟ್ಟು ಲಕ್ಷಣ ಎಣಿಸುವ ದಾರಿ ಹಿಡಿಯಿತು. ಕಾರಣದ ಬಗ್ಗೆ ವೈದ್ಯರಲ್ಲೇ ಒಮ್ಮತ ಇರಲಿಲ್ಲ, ಲಕ್ಷಣಗಳ ಎಣಿಕೆಯಲ್ಲಾದರೂ ಇರಲಿ ಎಂಬುದು ಲೆಕ್ಕಾಚಾರ. ಸಂಶೋಧನೆಗೆ ಅದು ಅನುಕೂಲವಾಯಿತು. ಮಂಡ್ಯದ ಕಬ್ಬು ಬೆಳೆಗಾರನ ಹೆಂಡತಿಗೆ ಅಷ್ಟೇ ಅನುಕೂಲವಾಯಿತೆಂದು ಹೇಳಲು ಧೈರ್ಯ ಸಾಲದು.

ಆ ಎರಡು ವಾರಕ್ಕೆ ಮಂಡ್ಯದಲ್ಲಿ ಇನ್ನೊಂದು ಅರ್ಥವಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ದುಡ್ಡು ಪಾವತಿಸಬೇಕು. ತಪ್ಪಿದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಿ ಕೊಡಬೇಕು. ಹದಿನಾಲ್ಕು ದಿನ ದುಡ್ಡು ಬಾರದಿದ್ದರೆ ಕಾರ್ಖಾನೆ ತಪ್ಪಿತಸ್ಥ. ಹದಿನಾಲ್ಕು ದಿನ ನಿದ್ದೆ ಬಾರದಿದ್ದರೆ ರೈತ ರೋಗಿ. ಎರಡೂ ಗಡುವುಗಳು ಒಂದೇ ಮನೆಯ ಕ್ಯಾಲೆಂಡರಿನ ಮೇಲೆ ಓಡುತ್ತವೆ. ಎರಡನೆಯದನ್ನು ಜಾರಿ ಮಾಡಲು ಮಂಗಳವಾರದ ಕ್ಲಿನಿಕ್ಕಾದರೂ ಇದೆ. ಮೊದಲನೆಯದರ ಜಾರಿಗೆ ರೈತರು ಹೆದ್ದಾರಿಯಲ್ಲಿ ಕೂರಬೇಕು.

2015ರಲ್ಲಿ ಸಕ್ಕರೆ ದರ ಕುಸಿದು, ಕಾರ್ಖಾನೆಗಳು ಬಾಕಿ ಉಳಿಸಿಕೊಂಡು, ಮಂಡ್ಯ ಜಿಲ್ಲೆಯಲ್ಲಿ ರೈತರ ಆತ್ಮಹತ್ಯೆಗಳು ಒಂದರ ಹಿಂದೊಂದು ವರದಿಯಾದಾಗ ಈ ಪ್ರಶ್ನೆ ಬೆತ್ತಲಾಗಿ ನಿಂತಿತು. ಆಗ ಕೇಳಿಬಂದ ಪರಿಹಾರಗಳಲ್ಲಿ ಎರಡು ಧಾಟಿ. ಒಂದು, ರೈತರಿಗೆ ಮನೋಸ್ಥೈರ್ಯ ತುಂಬಿ, ಸಮಾಲೋಚನೆ ಕೊಡಿಸಿ ಎಂಬುದು. ಇನ್ನೊಂದು, ಬಾಕಿ ಕೊಡಿಸಿ, ಸಾಲ ಮನ್ನಾ ಮಾಡಿ ಎಂಬುದು. ಆ ವರ್ಷವೇ ರಾಜ್ಯ ಸರ್ಕಾರ ಮೃತ ರೈತರ ಕುಟುಂಬಕ್ಕೆ ಕೊಡುವ ಪರಿಹಾರವನ್ನು 5 ಲಕ್ಷ ರೂಪಾಯಿಗೆ ಏರಿಸಿತು. ಅದು ಸುಮ್ಮನೆ ಸಿಗುವ ದುಡ್ಡಲ್ಲ. ಉಪವಿಭಾಗಾಧಿಕಾರಿಯ ಸಮಿತಿ ಕಾಗದ ನೋಡುತ್ತದೆ: ಜಮೀನು ಯಾರ ಹೆಸರಿನಲ್ಲಿದೆ, ಸಾಲ ಎಲ್ಲಿಯದು, ಬ್ಯಾಂಕಿನದೋ ಸೊಸೈಟಿಯದೋ ಕೈಸಾಲವೋ. ಇಲ್ಲಿ ಗಂಡ ಸತ್ತವಳು ಸಾಬೀತು ಮಾಡಬೇಕಾದ್ದು ಸಾಲವನ್ನು. ಕುಡಿಯುತ್ತಿದ್ದ, ಮನೆಯಲ್ಲಿ ಜಗಳ ಇತ್ತು, ಮೊದಲಿನಿಂದ ಮಂಕಾಗಿದ್ದ ಎಂಬ ಒಂದು ಸಾಲು ಮಹಜರಿನಲ್ಲಿ ನುಸುಳಿದರೂ ಅರ್ಜಿಗೆ ಪೆಟ್ಟು. ಆಸ್ಪತ್ರೆಯಲ್ಲಿ ಸಾಲದ ಕಥೆ ಖಿನ್ನತೆಯಾಗಿ ಬದಲಾದರೆ, ಕಚೇರಿಯಲ್ಲಿ ಖಿನ್ನತೆಯ ಕಥೆಯನ್ನು ಮುಚ್ಚಿಟ್ಟು ಸಾಲ ಮಾತ್ರ ತೋರಿಸಬೇಕು. ಇನ್ನು ಹೊಲದಲ್ಲಿ ದುಡಿದೂ ಪಹಣಿಯಲ್ಲಿ ಹೆಸರಿಲ್ಲದ ಹೆಂಗಸು ಹೋದರೆ ಆಕೆಯನ್ನು ರೈತಳೆಂದು ಒಪ್ಪಿಸುವುದೇ ಮೊದಲ ತೊಡಕು.

ಅಂಕಿಅಂಶದಲ್ಲೂ ಇದೇ ಗೊಂದಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ 2022ರ ವರದಿಯಲ್ಲಿ ಆತ್ಮಹತ್ಯೆಗಳಿಗೆ ಕಾರಣವೆಂದು ಬರೆದವುಗಳಲ್ಲಿ ಶೇ 31.7 ಕೌಟುಂಬಿಕ ಸಮಸ್ಯೆ, ಶೇ 18.4 ಅನಾರೋಗ್ಯ. ಬರೆದವರು ಠಾಣೆಯ ಸಿಬ್ಬಂದಿ. ಸಾಲದ ಮಾತೆತ್ತಿ ಗಂಡ ಹೆಂಡತಿ ಜಗಳವಾಡಿದ್ದರೆ ಅದು ಯಾವ ಕಲಮಿಗೆ ಹೋಗಬೇಕು? ಹಳೆಯ ಪತ್ರಿಕೆಗಳನ್ನು ಓದಿದವರಿಗೆ ‘ಹೊಟ್ಟೆನೋವು ತಾಳಲಾರದೆ’ ಎಂಬ ಸಾಲು ನೆನಪಿರುತ್ತದೆ. ಆ ಕಾಲಕ್ಕೆ ಆತ್ಮಹತ್ಯೆಯ ಯತ್ನ ಐಪಿಸಿ 309ರಡಿ ಅಪರಾಧ. ಬದುಕುಳಿದವರು ಪೊಲೀಸರಿಗೆ ಸುಳ್ಳು ಹೇಳಲೇಬೇಕಿತ್ತು. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಅದನ್ನು ಬದಲಿಸಿತು. ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು, ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ. 2024ರ ಜುಲೈನಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309 ಇಲ್ಲ. ಸಂಕಟವನ್ನು ವೈದ್ಯದ ಭಾಷೆಗೆ ತಂದದ್ದರಿಂದ ಆದ ಒಳ್ಳೆಯದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ಇಲ್ಲಿ ಹೆಸರು ಬದಲಾದಾಗ ಹೊಣೆಯೂ ಸರ್ಕಾರದ ಹೆಗಲಿಗೆ ಬಂತು.

ಮೂರನೇ ಬಾಗಿಲು ತೆರೆದದ್ದು 2025ರಲ್ಲಿ. ಮೈಕ್ರೊ ಫೈನಾನ್ಸ್ ವಸೂಲಿಗೆ ಬರುವವರು ಮನೆ ಮುಂದೆ ಕೂತು ಮಾನ ಕಳೆಯುತ್ತಾರೆಂದು ಮೈಸೂರು, ಚಾಮರಾಜನಗರ, ಮಂಡ್ಯ ಕಡೆಗಳಲ್ಲಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು, ಕೆಲವರು ಜೀವವನ್ನೇ ಬಿಟ್ಟರು. ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು. ಕಿರುಕುಳ ಕೊಟ್ಟು ವಸೂಲಿ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಕಾನೂನು ಎಷ್ಟು ನಡೆಯುತ್ತದೆ ಎಂಬುದು ಬೇರೆ ಮಾತು. ನಾಚಿಕೆ, ಭಯ ಎಂಬ ಭಾವನೆಗಳನ್ನು ಅದು ಅನುಭವಿಸುವವರ ಮಿದುಳಿನಲ್ಲಿ ಹುಡುಕಲಿಲ್ಲ, ಹೊಸ್ತಿಲಲ್ಲಿ ನಿಂತು ಕೂಗುವವನ ನಡವಳಿಕೆಯಲ್ಲಿ ಹುಡುಕಿತು. ಹೀಗೆ ಒಂದೇ ಮನೆಯ ಒಂದೇ ಸಂಕಟ ಆಸ್ಪತ್ರೆಯಲ್ಲಿ ಖಿನ್ನತೆ, ಕಚೇರಿಯಲ್ಲಿ ಸಾಲಬಾಧೆ, ಠಾಣೆಯಲ್ಲಿ ಕಿರುಕುಳ. ಮೂರು ಕಡತಗಳು ಒಂದರ ಮುಖ ಒಂದು ನೋಡುವುದಿಲ್ಲ.

ಇಷ್ಟು ಹೇಳಿದ ಮೇಲೆ, ‘ಎಲ್ಲ ಮಾತ್ರೆ ಕಂಪನಿಗಳ ಆಟ’ ಎನ್ನುವವರ ಜೊತೆ ನನ್ನನ್ನು ಸೇರಿಸಬೇಡಿ. ಬಾಣಂತಿ ಸನ್ನಿಯಾದ ಹುಡುಗಿಯನ್ನು ಗಾಳಿ ಸೋಕಿದೆಯೆಂದು ಬೇವಿನ ಸೊಪ್ಪಿನಲ್ಲಿ ಬಡಿದು, ಅಂತ್ರ ಕಟ್ಟಿಸಿ, ತಿಂಗಳುಗಟ್ಟಲೆ ಕೋಣೆಯಲ್ಲಿ ಕೂಡಿಹಾಕುವುದನ್ನು ಕಂಡವರು ಯಾರೂ ಆ ಮಾತು ಆಡಲಾರರು. ಸರಿಯಾದ ಔಷಧ ಸಿಕ್ಕರೆ ಅಂಥವರು ವಾರಗಳಲ್ಲಿ ಮಗುವನ್ನು ಎತ್ತಿಕೊಳ್ಳುವಂತಾಗುತ್ತಾರೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 10.6 ಜನರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಮಿದುಳಿನಲ್ಲಿ ಸೆರೊಟೊನಿನ್ ಎಂಬ ರಾಸಾಯನಿಕ ಕಡಿಮೆಯಾಗಿ ಖಿನ್ನತೆ ಬರುತ್ತದೆಂಬ ಸರಳ ಕಥೆಗೆ ಗಟ್ಟಿ ಆಧಾರವಿಲ್ಲವೆಂದು ಲಂಡನ್ನಿನ ಜೊವಾನಾ ಮಾಂಕ್ರಿಫ್ ತಂಡ 2022ರಲ್ಲಿ ಬರೆದದ್ದು ನಿಜ. 2018ರಲ್ಲಿ 522 ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದ ಚಿಪ್ರಿಯಾನಿ ತಂಡ, ಖಿನ್ನತೆಯ 21 ಔಷಧಗಳೂ ಹುಸಿಮಾತ್ರೆಗಿಂತ ಸ್ವಲ್ಪವಾದರೂ ಹೆಚ್ಚು ಕೆಲಸ ಮಾಡುತ್ತವೆ ಎಂದದ್ದೂ ನಿಜ. ಕಥೆ ಸುಳ್ಳಾದರೂ ಮದ್ದು ಕೆಲಸ ಮಾಡಬಹುದು. ವೈದ್ಯದ ಚರಿತ್ರೆಯಲ್ಲಿ ಇದು ಮೊದಲ ಸಲವೇನಲ್ಲ. ಮಾತ್ರೆ ಶುರುಮಾಡಿದವರು ಇಂಥ ಲೇಖನ ಓದಿ ತಾವಾಗಿಯೇ ನಿಲ್ಲಿಸಬಾರದು.

ದೇವಸ್ಥಾನದ ದಾರಿಯನ್ನೂ ಹಾಗೆಯೇ ಎರಡು ಕಣ್ಣಿನಿಂದ ನೋಡಬೇಕು. ತಮಿಳುನಾಡಿನ ಒಂದು ಗುಡಿಯಲ್ಲಿ ಕೆಲವು ವಾರ ತಂಗಿದ್ದ 31 ತೀವ್ರ ಮನೋರೋಗಿಗಳನ್ನು ಅದೇ ರಘುರಾಮ್ ತಂಡ ಗಮನಿಸಿತು. ಯಾವ ಔಷಧವೂ ಇಲ್ಲದೆ ಅವರ ಲಕ್ಷಣಗಳ ಅಂಕ ಸುಮಾರು ಶೇ 20 ಇಳಿದಿತ್ತು ಎಂದು 2002ರಲ್ಲಿ ವರದಿ ಮಾಡಿತು. ಆ ಗುಡಿಯಲ್ಲಿ ಮನೆಯವರೂ ಜೊತೆಗಿದ್ದರು, ಯಾರೂ ಅವಮಾನಿಸುತ್ತಿರಲಿಲ್ಲ. ಅದಕ್ಕೆ ಒಂದು ವರ್ಷ ಮುಂಚೆ, 2001ರ ಆಗಸ್ಟ್ 6ರಂದು, ಅದೇ ರಾಜ್ಯದ ಎರವಾಡಿಯಲ್ಲಿ ದರ್ಗಾದ ಬಳಿಯ ಆಶ್ರಯತಾಣಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಓಡಲಾಗದೆ ಬೆಂದುಹೋದರು, ಸತ್ತವರು 28.

ಮೈಸೂರು ನಗರದ ಕಥೆ ಹಳ್ಳಿಗೆ ತಿರುಗುಮುರುಗು. ಸರಸ್ವತಿಪುರಂ, ಕುವೆಂಪುನಗರದ ಪಿಜಿಗಳಲ್ಲಿರುವ ಹುಡುಗ ಹುಡುಗಿಯರಿಗೆ ಎದೆಯುರಿಯ ವೇಷ ಬೇಕಿಲ್ಲ. ರೀಲ್ಸ್ ನೋಡಿ ಆಂಗ್ಸೈಟಿ, ಟ್ರಾಮಾ, ಎಡಿಎಚ್‌ಡಿ ಎಂದು ತಾವೇ ಹೆಸರಿಟ್ಟುಕೊಂಡು ಬರುತ್ತಾರೆ. ಹಿರಿಯರಿಗೆ ಇದು ನಗೆಪಾಟಲು. ‘ನಮ್ಮ ಕಾಲದಲ್ಲಿ ಇವೆಲ್ಲ ಇರಲಿಲ್ಲ’ ಎನ್ನುವವರ ಕಾಲದಲ್ಲಿ ಇದ್ದದ್ದು ಏನೆಂದು ಅವರ ಹೆಂಡಂದಿರನ್ನು ಕೇಳಬೇಕು. ಬೇಜಾರು ಎಂದರೆ ಕೇಳಿಸಿಕೊಳ್ಳದ ಅಪ್ಪ, ಆಂಗ್ಸೈಟಿ ಎಂದರೆ ಗಾಬರಿಯಾಗಿ ಡಾಕ್ಟರ ಬಳಿ ಕರೆದೊಯ್ಯುತ್ತಾನೆ. ಅಷ್ಟಕ್ಕಾದರೂ ಆ ಹೆಸರು ಉಪಯೋಗಕ್ಕೆ ಬರುತ್ತದೆ. ಅಪಾಯ ಇನ್ನೊಂದು ಕಡೆ ಇದೆ. 1980ರ ಕೈಪಿಡಿಯಲ್ಲಿ ಅಪರೂಪದ ಕಾಯಿಲೆಯಾಗಿ ಸೇರಿದ ‘ಸಾಮಾಜಿಕ ಭಯ’ 1999ರಲ್ಲಿ ಪ್ಯಾಕ್ಸಿಲ್ ಮಾತ್ರೆಗೆ ಅನುಮತಿ ಸಿಕ್ಕಿದ ಮೇಲೆ ಅಮೆರಿಕದ ಟಿವಿ, ಗೋಡೆಗಳ ತುಂಬ ಕಾಣಿಸಿಕೊಂಡಿತು. ನಾಲ್ಕು ಜನರ ಮುಂದೆ ಮಾತಾಡಲು ಅಂಜುವವರೆಲ್ಲ ಗಿರಾಕಿಗಳಾದರು. ನಮ್ಮಲ್ಲಿ ಆ ಕೆಲಸವನ್ನು ಈಗ ಕೌನ್ಸೆಲಿಂಗ್ ಆ್ಯಪುಗಳೂ ಇನ್‌ಫ್ಲುಯೆನ್ಸರುಗಳೂ ವಹಿಸಿಕೊಂಡಿದ್ದಾರೆ. ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟವನಿಗೆ ಧ್ಯಾನದ ಆ್ಯಪು ಸಿಗುತ್ತದೆ, ಪಾಳಿ ಬದಲಾಗುವುದಿಲ್ಲ. ಇತ್ತ ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್ ಹೊತ್ತ ಗಾರ್ಮೆಂಟ್ಸ್ ಹೆಂಗಸರಿಗೆ ಅದೂ ಇಲ್ಲ. ಅವರ ಪಾಲಿಗೆ ಇರುವುದು ಮೆಡಿಕಲ್ ಸ್ಟೋರಿನ ನಿದ್ದೆ ಮಾತ್ರೆ. ಅಂಥ ಮಾತ್ರೆಗಳಲ್ಲೊಂದಾದ ಆಲ್ಪ್ರಜೋಲಾಂ ಎಚ್1 ಪಟ್ಟಿಯ ಔಷಧ. ಚೀಟಿ ಇಲ್ಲದೆ ಕೊಡುವಂತಿಲ್ಲ, ಕೊಟ್ಟದ್ದನ್ನು ಬೇರೆ ಪುಸ್ತಕದಲ್ಲಿ ಬರೆಯಬೇಕು. ಆ ನಿಯಮ ಎಷ್ಟು ಅಂಗಡಿಗಳಲ್ಲಿ ಬಿಗಿಯಾಗಿದೆ ಎಂಬುದು ಓದುಗರಿಗೇ ಗೊತ್ತು.

ಹಾಗಾದರೆ ಏನು ಮಾಡಿದರೆ ಸಂಕಟ ಇಳಿಯುತ್ತದೆ? ಇಂಡೊನೇಷ್ಯಾದಲ್ಲಿ ಬಡ ಕುಟುಂಬಗಳಿಗೆ ನೇರವಾಗಿ ಹಣ ಕೊಡುವ ಯೋಜನೆ ತಲುಪಿದ ಕಡೆಗಳಲ್ಲಿ ಆತ್ಮಹತ್ಯೆ ಸುಮಾರು ಶೇ 18 ಇಳಿಯಿತೆಂದು 2019ರ ಅಧ್ಯಯನ ತೋರಿಸಿತು. ಶ್ರೀಲಂಕಾ ತೀರಾ ವಿಷಕಾರಿ ಕೀಟನಾಶಕಗಳನ್ನು ಹಂತಹಂತವಾಗಿ ನಿಷೇಧಿಸಿತು. 1995ರಿಂದ ಎರಡು ದಶಕಗಳಲ್ಲಿ ಅಲ್ಲಿನ ಆತ್ಮಹತ್ಯೆ ದರ ಸುಮಾರು ಶೇ 70 ಬಿತ್ತು. ಎರಡು ಕಡೆಯೂ ಯಾರ ಮನಸ್ಸಿಗೂ ಯಾರೂ ಕೈ ಹಾಕಲಿಲ್ಲ. ಜಿಂಬಾಬ್ವೆಯ ಹರಾರೆಯಲ್ಲಿ ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರು ತರಬೇತಿ ಕೊಟ್ಟ ಅಜ್ಜಿಯರು ಆಸ್ಪತ್ರೆಯ ಆವರಣದ ಮರದ ಬೆಂಚಿನ ಮೇಲೆ ಕೂತು ಜನರ ಮಾತು ಕೇಳುತ್ತಾರೆ. 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಅವರ ಬಳಿ ಬಂದವರ ಲಕ್ಷಣಗಳು ಆರು ತಿಂಗಳಲ್ಲಿ ಗಣನೀಯವಾಗಿ ತಗ್ಗಿದ್ದವು. ಅಜ್ಜಿಯರು ಮಾಡುವುದು ಬರಿಯ ಸಾಂತ್ವನವಲ್ಲ. ನಿನ್ನ ತೊಂದರೆಗಳಲ್ಲಿ ಮೊದಲು ಯಾವುದನ್ನು ಹಿಡಿಯೋಣ, ನಾಳೆ ಅದಕ್ಕೆ ಏನು ಮಾಡುತ್ತೀ ಎಂದು ಕೇಳಿ ಕಳಿಸುತ್ತಾರೆ. ಪಿಎಚ್‌ಕ್ಯು-9 ಬಿಟ್ಟುಬಿಟ್ಟ ಪ್ರಶ್ನೆ ಅದೇ.

ನಮ್ಮಲ್ಲೂ ಮಾತು ಕೇಳುವ ವ್ಯವಸ್ಥೆ ಬಂದಿದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ತಡೆಯಲಾಗದ ರಾತ್ರಿಯಲ್ಲಿ ಅದು ಜೀವ ಉಳಿಸಬಲ್ಲದು, ಮನೆಯವರ ಫೋನಿನಲ್ಲಿ ಆ ಸಂಖ್ಯೆ ಇರಲಿ. ಆದರೆ ಆ ತುದಿಯಲ್ಲಿರುವವರ ಕೈಯಲ್ಲಿ ಕಾರ್ಖಾನೆಯ ಬಾಕಿ ಕೊಡಿಸುವ ಅಧಿಕಾರ ಇಲ್ಲ. ಇದನ್ನೂ ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟೋಣ ಎಂಬ ಸಲಹೆ ಸಭೆಗಳಲ್ಲಿ ಸುಲಭವಾಗಿ ಬರುತ್ತದೆ. 2025ರ ಜನವರಿಯಲ್ಲಿ ಗೌರವಧನಕ್ಕಾಗಿ ಚಳಿಯಲ್ಲಿ ಬೆಂಗಳೂರಿನಲ್ಲಿ ಧರಣಿ ಕೂತವರು ಅವರೇ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆಗೆ ಒಬ್ಬ ಮನೋಸಾಮಾಜಿಕ ಕಾರ್ಯಕರ್ತರ ಹುದ್ದೆಯೂ ಇದೆ. ಆ ಹುದ್ದೆಯ ಕೆಲಸವನ್ನು ರೋಗಿಗಳ ಫಾಲೋ-ಅಪ್‌ಗೆ ನಿಲ್ಲಿಸದೆ, ಚೀಟಿಯಲ್ಲಿ ಬಾರದ ಕಾರಣಗಳನ್ನು ಹೆಸರು ಬಿಟ್ಟು ಪಟ್ಟಿ ಮಾಡಲು ಹಚ್ಚಬಹುದು: ಈ ತಿಂಗಳು ಬಂದವರಲ್ಲಿ ಎಷ್ಟು ಮನೆಗೆ ಕಬ್ಬಿನ ಬಾಕಿ, ಎಷ್ಟು ಮನೆಗೆ ಸಂಘದ ಕಂತು, ಎಷ್ಟು ಮನೆಯಲ್ಲಿ ಕುಡಿತ. ಇದು ವೈದ್ಯರ ಕೆಲಸವಲ್ಲ ಎಂದು ವೈದ್ಯರು ಹೇಳುವುದು ನ್ಯಾಯವೇ. ಹಾಗಿದ್ದರೆ ಪಟ್ಟಿಯನ್ನು ಕೆಲಸ ಇರುವವರ ಮುಂದೆ ಇಡಿ. ಜಿಲ್ಲೆಯ ಅಭಿವೃದ್ಧಿ ಕೆಲಸಗಳನ್ನು ನೋಡಲು ಮೂರು ತಿಂಗಳಿಗೊಮ್ಮೆ ನಡೆಯುವ ಕೆಡಿಪಿ ಪರಿಶೀಲನಾ ಸಭೆಯಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ, ಕೃಷಿ, ಸಹಕಾರ, ಆಹಾರ ಇಲಾಖೆಗಳವರು ಒಂದೇ ಸಭಾಂಗಣದಲ್ಲಿ ಕೂರುತ್ತಾರೆ. ಆರೋಗ್ಯ ಇಲಾಖೆಯ ಸರದಿ ಬಂದಾಗ ಡೆಂಗಿ, ಲಸಿಕೆ, ಹೆರಿಗೆಯ ಅಂಕಿ ಓದಿದ ಮೇಲೆ ಈ ಪಟ್ಟಿಯನ್ನೂ ಓದಲಿ, ಉಸ್ತುವಾರಿ ಸಚಿವರು ಪಕ್ಕಕ್ಕೆ ತಿರುಗಿ ಕಬ್ಬಿನ ಬಾಕಿಯ 14 ದಿನ ಏನಾಯಿತು ಎಂದು ಅಲ್ಲಿಯೇ ಕೇಳಲಿ.